ಮುತ್ತಜ್ಜನ ಎಡಗೆನ್ನೆ

“ನಾಳೆ ಬನ್ನಿ” ಎಂದ ಅವನು. ಇದು ಒಂಬತ್ತನೆಯ ನಾಳೆ.

ಕೌಂಟರಿನ ಗಾಜಿನ ಮೇಲಿಟ್ಟಿದ್ದ ರಸೀದಿಯನ್ನು ಅವಳು ಮತ್ತೆ ಪರ್ಸಿಗೆ ಹಾಕಿಕೊಂಡಳು. ಹೇಳಲು ಬೇಕಾದಷ್ಟಿತ್ತು. ಒಂದು ಫೋಟೊದ ಮಡಿಕೆ ಸರಿಮಾಡಲು ಇಷ್ಟು ದಿನವೇ ಎನ್ನಬಹುದಿತ್ತು. ಆಗದಿದ್ದರೆ ವಾಪಸ್ಸು ಕೊಟ್ಟುಬಿಡಿ ಎಂದು ಕಡ್ಡಿ ಮುರಿದ ಹಾಗೆ ಹೇಳಬಹುದಿತ್ತು. ಸ್ಟುಡಿಯೋದ ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ಮಾತುಗಳೆಲ್ಲ ಸಾಲುಗಟ್ಟಿ ಬಂದವು. ಅವಳ ಮಾತುಗಳ ಚಾಳಿಯೇ ಅದು, ಮಳೆ ನಿಂತ ಮೇಲೆ ಕೊಡೆ ಹಿಡಿದು ಬರುವ ನೆಂಟರ ಹಾಗೆ.

ಮೈಯೆಲ್ಲ ಉರಿಯುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅವನು ನೋಡುತ್ತಿದ್ದ. ಒಂದು ಕಣ್ಣಿಗೆ ಸಿಕ್ಕಿಸಿಕೊಂಡ ಪುಟ್ಟ ಮಸೂರವನ್ನು ತೆಗೆದು, ಕುಂಚವನ್ನು ಕಿವಿಯ ಹಿಂದೆ ಇಟ್ಟುಕೊಂಡು, ನಿಧಾನವಾಗಿ ನೋಡುತ್ತಿದ್ದ. ಕಣ್ಣನ್ನಲ್ಲ, ಅವಳ ಎಡಗೆನ್ನೆಯನ್ನು.

ಮೊದಲ ದಿನ ಕೆನ್ನೆಗೆ ಇಂಕು ಮೆತ್ತಿರಬೇಕೆಂದು ಅವಳು ಕರವಸ್ತ್ರದಲ್ಲಿ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಳು. ಮಾರನೆಯ ದಿನ ಕೂದಲನ್ನು ಎಡಗಡೆಗೆ ಇಳಿಬಿಟ್ಟುಕೊಂಡು ಹೋದರೆ, “ಕೂದಲು ಸ್ವಲ್ಪ ಹಿಂದೆ ಸರಿಸ್ತೀರಾ? ಬೆಳಕಿಗೆ ಅಡ್ಡ ಬರ್ತಿದೆ” ಎಂದ. ಯಾವ ಬೆಳಕು, ಯಾರಿಗೆ ಅಡ್ಡ ಎಂದು ಕೇಳುವ ಬದಲು ಅವಳು ಸುಮ್ಮನೆ ಸರಿಸಿದಳು. ಆಮೇಲೆ ಮನೆ ಮುಟ್ಟುವವರೆಗೂ ತನ್ನನ್ನೇ ಬೈದುಕೊಂಡಳು. ಕಿವಿಯ ಬಿಸಿ ಮಾತ್ರ ಮನೆ ಮುಟ್ಟಿದ ಮೇಲೂ ಆರಲಿಲ್ಲ.

ಐದನೆಯ ನಾಳೆಯ ದಿನ ಅವಳು ಹೇಗೋ ಧೈರ್ಯ ತಂದುಕೊಂಡು, ಕಂಪ್ಯೂಟರಿನಲ್ಲಾದರೆ ಇದು ನಿಮಿಷದ ಕೆಲಸವಲ್ಲವೇ ಎಂದಿದ್ದಳು. ಕಂಪ್ಯೂಟರು ಮುಖವನ್ನು ಊಹಿಸುತ್ತದೆ, ತಾನು ನೋಡಿ ಬರೆಯುತ್ತೇನೆ ಎಂದ. ಆಮೇಲೆ, ಸಂಬಂಧವೇ ಇಲ್ಲದ ಹಾಗೆ, “ನಿಮ್ಮದು ಯಾರ ಮುಖ, ಅಮ್ಮನದಾ?” ಎಂದು ಕೇಳಿದ. ಅಜ್ಜಿಯದು, ಅಜ್ಜಿಗೆ ಅವರಪ್ಪನದು ಎಂದು ಅವಳು ನೆಲಕ್ಕೆ ಹೇಳಿದಳು. ನಿಧಿ ಸಿಕ್ಕವನ ಹಾಗೆ ತಲೆಯಾಡಿಸಿ ಅವನು ಮಸೂರ ಸಿಕ್ಕಿಸಿಕೊಂಡ. ಮುಂದಿನ ಮಾತೊಂದು ಬರುತ್ತದೆಂದು ಕಾದು ನಿಂತ ಅವಳಿಗೆ ಸಿಕ್ಕಿದ್ದು ಅವನ ನೆತ್ತಿಯ ಸುಳಿ ಮಾತ್ರ.

ಅವಳು ಲೈಬ್ರರಿಯಲ್ಲಿ ಸಹಾಯಕಿ. ಹರಿದ ಪುಸ್ತಕಗಳ ಬೆನ್ನಿಗೆ ಅಂಟು ಹಚ್ಚುವುದು, ಕಾರ್ಡು ಬರೆಯುವುದು ಅವಳ ಕೆಲಸ. ಈ ಶನಿವಾರ ಅಲ್ಲಿನ ಸಭಾಂಗಣದಲ್ಲಿ, ಎರಡನೆಯ ಮಹಾಯುದ್ಧಕ್ಕೆ ಈ ಊರಿನಿಂದ ಹೋದವರ ಚಿತ್ರಗಳ ಪ್ರದರ್ಶನವಿತ್ತು. ನಕಲು ಬೇಡ, ಮನೆಗಳಲ್ಲಿ ಉಳಿದಿರುವ ಅಸಲಿ ಫೋಟೊಗಳೇ ಬೇಕು, ಶನಿವಾರ ಮಧ್ಯಾಹ್ನ ಹನ್ನೆರಡರ ಒಳಗೆ ಗೋಡೆಯ ಮೇಲಿರಬೇಕು ಎಂದು ಲೈಬ್ರರಿಯ ಮೇಡಂ ಹೇಳಿಬಿಟ್ಟಿದ್ದರು. ಹದಿನೆಂಟು ಬಂದಿದ್ದವು. ಹತ್ತೊಂಬತ್ತನೆಯ ಮೊಳೆ ಮಾತ್ರ ಬರಿದಾಗಿ ಅವಳನ್ನೇ ನೋಡುತ್ತಿತ್ತು. ಅದು ಅವಳ ಮುತ್ತಜ್ಜನದು. ಸೈನ್ಯದ ಔಷಧಿ ಲಾರಿ ಓಡಿಸಲು ಹೋದವನು ಹಡಗು ಹತ್ತುವ ಮುನ್ನ ಆ ಒಂದು ಫೋಟೊ ಕಳಿಸಿದ್ದ. ಆಮೇಲೆ ಅವನೂ ಬರಲಿಲ್ಲ, ಅವನ ಸುದ್ದಿಯೂ ಬರಲಿಲ್ಲ. ಆಗ ಅಜ್ಜಿ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ಈಗ ಅಜ್ಜಿಯ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಪೂರ್ತಿ ಕತ್ತಲಾಗುವ ಮೊದಲು ಅಪ್ಪನನ್ನು ನಾಲ್ಕು ಜನರ ನಡುವೆ ಗೋಡೆಯ ಮೇಲೆ ನೋಡಬೇಕು, ಅಜ್ಜಿಗೆ ಇದ್ದದ್ದು ಅದೊಂದೇ ಆಸೆ.

ಹತ್ತನೆಯ ದಿನ, ಶುಕ್ರವಾರ, ಅವನು ‘ನಾಳೆ’ ಎನ್ನಲಿಲ್ಲ. ಫೋಟೊವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಮಡಿಕೆ ಎಲ್ಲಿತ್ತೆಂದೇ ತಿಳಿಯುತ್ತಿರಲಿಲ್ಲ. ಎಡಗೆನ್ನೆಯ ಮೇಲೆ ಹೆಬ್ಬೆರಳಗಲ ಬೆಳ್ಳಗೆ ಸವೆದಿದ್ದ ಜಾಗವೂ ತುಂಬಿ, ಮುತ್ತಜ್ಜ ಈಗಷ್ಟೇ ಮುಖ ತೊಳೆದು ಬಂದವನ ಹಾಗಿದ್ದ. ಥ್ಯಾಂಕ್ಸ್ ಎಂಬುದೂ ಮೆಟ್ಟಿಲಿಳಿದ ಮೇಲೆಯೇ ಬಂತು.

ಅಜ್ಜಿ ಕಿಟಕಿಯ ಬಳಿ ಕೂತು ಭೂತಗನ್ನಡಿ ಹಿಡಿದಳು. ಬಹಳ ಹೊತ್ತು ನೋಡಿದಳು.

“ಇದ್ಯಾರೇ?”

“ನಿನ್ನಪ್ಪ, ಅಜ್ಜಿ.”

“ನಮ್ಮಪ್ಪನ ಕೆನ್ನೇಲಿ ಗುಳಿ ಯಾವಾಗ ಬಿತ್ತು?” ಅಜ್ಜಿ ಭೂತಗನ್ನಡಿಯನ್ನು ಮೊಮ್ಮಗಳ ಕಡೆಗೆ ತಿರುಗಿಸಿದಳು. “ಎಲ್ಲಿ, ಸ್ವಲ್ಪ ನಗು.”

“ಈಗ ನಗೋದಕ್ಕೇನಿದೆ?”

“ನಗು ಅಂದೆ.”

ಅವಳು ತುಟಿ ಎಳೆದಳು. “ಅದೇ” ಎಂದಳು ಅಜ್ಜಿ. “ಆ ನಿನ್ನ ನಾಳೆ ಸಾಹೇಬ, ನಿನ್ನ ಕೆನ್ನೆ ತಂದು ನಮ್ಮಪ್ಪನಿಗೆ ಅಂಟಿಸಿದಾನೆ.”

ತಮಾಷೆಯ ಹಾಗೆ ಹೇಳಿದಳು, ಆದರೆ ಫೋಟೊವನ್ನು ಮಗುಚಿಟ್ಟಳು. ಬರೀ ಮಡಿಕೆ ಸರಿಮಾಡಿಸು, ಕೆನ್ನೆ ಮುಟ್ಟಬೇಡಿ ಅಂತ ಹೇಳು ಎಂದಿದ್ದೆನಲ್ಲ, ಹೇಳಲಿಲ್ಲವೇ ಎಂದು ಕೇಳಿದಳು. ಹೇಳಬೇಕೆಂದೇ ಮೊಮ್ಮಗಳು ಹೋಗಿದ್ದಳು. ಆದರೆ ಮೊದಲ ದಿನ ಅವನು ಮಸೂರ ತೆಗೆದು ತಲೆ ಎತ್ತಿದ್ದೇ ತಡ, ಅರ್ಧ ಮಾತು ಗಂಟಲಲ್ಲೇ ಉಳಿದು, “ಸರಿ ಮಾಡಿಕೊಡಿ” ಎಂಬಷ್ಟೇ ಹೊರಬಿದ್ದಿತ್ತು.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಜ್ಜಿ ಚಿಕ್ಕವಳಿದ್ದಾಗ ದಿನಾ ಬೆಳಿಗ್ಗೆ ಅವಳಮ್ಮ ಅವಳನ್ನು ಎತ್ತಿಕೊಂಡು ಈ ಫೋಟೊ ತೋರಿಸಿ, ಅಪ್ಪನನ್ನು ಮಾತಾಡಿಸು ಎನ್ನುತ್ತಿದ್ದಳಂತೆ. ಅಜ್ಜಿ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಅವನ ಕೆನ್ನೆ ಒರೆಸುತ್ತಿದ್ದಳಂತೆ, ಊಟವಾದ ಮೇಲೆ ಅಮ್ಮ ಅವಳದನ್ನು ಒರೆಸುತ್ತಿದ್ದ ಹಾಗೆ. ವರ್ಷಗಟ್ಟಲೆ ಒರೆಸಿ ಒರೆಸಿ ಸವೆದ ಜಾಗ ಅದು.

“ನಾನು ಅವನನ್ನ ನೋಡಿಲ್ಲ” ಎಂದಳು ಅಜ್ಜಿ. “ಮುಟ್ಟಿದ್ದು ಅಂದ್ರೆ ಅಷ್ಟು ಜಾಗ. ಈ ಚೆಲುವನನ್ನ ಗೋಡೆಗೆ ಹಾಕಬೇಡ. ಮೊಳೆ ಖಾಲಿ ಇರಲಿ ಬಿಡು.”

ಮರುದಿನ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟಿಕೊಳ್ಳುವುದರೊಳಗೆ ಅಜ್ಜಿ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದಳು. ನಿನ್ನ ಬಾಯಿ ನಂಬಿ ಒಂದು ಕೆನ್ನೆ ಹೋಯಿತು, ನಾನೇ ಬರುತ್ತೇನೆ ಎಂದಳು.

ವಿಷಯ ಕೇಳಿ ಅವನ ಮುಖ ಕಾಗದದ ಹಾಗೆ ಬಿಳಿಚಿತು. ತಪ್ಪು ತನ್ನದು, ಸವೆದದ್ದನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ, ಕೇಳಬೇಕಿತ್ತು ಎಂದ. ಅವಳಿಗೆ ಇನ್ನಷ್ಟು ಸಿಟ್ಟು ಬಂತು. ತಪ್ಪನ್ನಾದರೂ ತನ್ನ ಪಾಲಿಗೆ ಬಿಡಬಾರದಿತ್ತೇ?

ಅವನು ಫೋಟೊವನ್ನು ಬೆಳಕಿನ ಕಡೆ ಇಟ್ಟು ಅಜ್ಜಿಯ ಮುಂದೆ ಕುರ್ಚಿ ಎಳೆದ. “ಅಜ್ಜಿ, ಬಣ್ಣ ನೀರಿಗೆ ಬಿಡುತ್ತೆ. ಅಸಲಿ ಮೇಲೆ ನೀರಿಗೆ ಬಿಡದ ಬಣ್ಣ ಹಚ್ಚಬಾರದು ಅಂತ ನಮ್ಮ ಸೋದರಮಾವ ಹೇಳಿಕೊಟ್ಟಿದ್ದಾರೆ. ನಮಗಿಂತ ಬಲ್ಲೋರು ಬಂದ್ರೆ ಅಳಿಸೋ ಹಾಗಿರಬೇಕಂತೆ.” ಹತ್ತಿ ಸುತ್ತಿದ ಕಡ್ಡಿಯೊಂದನ್ನು ಒದ್ದೆ ಮಾಡಿ ಮುಂದೆ ಹಿಡಿದ.

ಅಜ್ಜಿ ಅದನ್ನು ತೆಗೆದುಕೊಳ್ಳಲಿಲ್ಲ. ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ತಡವರಿಸದೆ, ದಾರಿ ಗೊತ್ತಿದ್ದವರ ಹಾಗೆ ಬೆರಳು ನೇರವಾಗಿ ಆ ಕೆನ್ನೆಗೇ ಹೋಯಿತು. ಮೊದಲು ಗುಳಿ ಕರಗಿತು. ಆಮೇಲೆ ನೆರಳು, ಆಮೇಲೆ ಕೆನ್ನೆಯ ತಿರುವು. ಒತ್ತದೆ, ಉಜ್ಜದೆ ಒರೆಸಿದಳು. ಬಿಳಿಯ ಮಚ್ಚೆ ಮೇಲೆದ್ದಿತು.

“ಬಂದ” ಎಂದಳು ಅಜ್ಜಿ.

ಹನ್ನೆರಡಕ್ಕೆ ಕಾಲುಗಂಟೆ ಇರುವಾಗ ಅವನೇ ಫ್ರೇಮನ್ನು ಎದೆಗವಚಿಕೊಂಡು ಲೈಬ್ರರಿಗೆ ಬಂದ. ಹತ್ತೊಂಬತ್ತನೆಯ ಮೊಳೆಗೆ ತೂಗುಹಾಕಿ, ಹಿಂದೆ ಸರಿದು, ಕೂದಲೆಳೆಯಷ್ಟು ಎಡಕ್ಕೆ ತಿರುಗಿಸಿದ. ಕೆಳಗೆ ಅವಳು ಬರೆದ ಚೀಟಿ: ‘ಔಷಧಿ ಲಾರಿಯ ಚಾಲಕ. ಮರಳಲಿಲ್ಲ. ಎಡಗೆನ್ನೆ ಸವೆದಿರುವುದು ಮಗಳ ಬೆರಳಿನಿಂದ.’ ಅಜ್ಜಿ ಎದುರಿನ ಬೆಂಚಿನ ಮೇಲೆ ಕೋಲೂರಿ ಕೂತು ಗೋಡೆಯನ್ನೇ ನೋಡುತ್ತಿದ್ದಳು.

“ಬರ್ತೀನಿ” ಎಂದು ಅವನು ಚೀಟಿಗೆ ಹೇಳಿದ.

ಅಷ್ಟೇ. ಹತ್ತು ದಿನ ಕೆನ್ನೆ ನೋಡಿದವನು, ಇನ್ನೊಂದು ಮಾತಿಲ್ಲದೆ ಬಾಗಿಲ ಕಡೆ ನಡೆದ. ಮಾತು ಇನ್ನು ಸಭಾಂಗಣ ಖಾಲಿಯಾದ ಮೇಲೆ ಬರುತ್ತದೆ, ಆಗ ಈ ಗೋಡೆಗಳಿಗೆ ಹೇಳಿಕೊಳ್ಳಬೇಕು ಎನ್ನಿಸಿತು ಅವಳಿಗೆ. ಜೊತೆಗೆ ನಿನ್ನೆಯಿಂದ ಚುಚ್ಚುತ್ತಿದ್ದ ಮುಳ್ಳೂ ಒಂದಿತ್ತು.

“ಒಂದು ನಿಮಿಷ.” ತನ್ನ ದನಿ ಕೇಳಿ ಅವಳೇ ಬೆಚ್ಚಿದಳು. “ಆ ಗುಳಿ ನಾನು ನಕ್ಕರೆ ಮಾತ್ರ ಬೀಳೋದು. ನಿಮ್ಮ ಸ್ಟುಡಿಯೋದಲ್ಲಿ ನಾನು ಒಂದು ದಿನಾನೂ ನಕ್ಕಿಲ್ಲ.”

ಅವನು ಬಾಗಿಲ ಹಿಡಿ ಹಿಡಿದೇ ನಿಂತ.

“ಎಲ್ಲಿ ನೋಡಿದ್ರಿ?”

“ಇಲ್ಲೇ” ಎಂದ. ತಾನು ಪೇಪರ್ ಓದಲು ಕೂರುವ ಮೂಲೆಯ ಮೇಜು ತೋರಿಸಿದ. “ಪುಸ್ತಕಕ್ಕೆ ಅಂಟು ಹಚ್ಚುವಾಗ ಮಧ್ಯೆ ಒಂದೊಂದು ಪುಟ ಓದ್ತೀರಿ. ಓದಿ ಒಬ್ಬರೇ ನಗ್ತೀರಿ. ಹೋದ ವರ್ಷದಿಂದ ನೋಡ್ತಿದೀನಿ.”

ತಲೆ ಎತ್ತದೆ ಕೆಲಸ ಮಾಡುವವಳಿಗೆ ಗೊತ್ತಾಗುವುದಾದರೂ ಹೇಗೆ? ನಾಚಿಕೆ ಬರಬೇಕಿತ್ತು. ಬಂದದ್ದು ಕೋಪ.

“ಒಂದು ವರ್ಷ” ಎಂದಳು. “ನಾನಂತೂ ಬಾಯಿ ಸತ್ತವಳು. ನಿಮಗೇನಾಗಿತ್ತು? ಒಂದು ಮಾತು ಹೇಳೋಕೆ ಇನ್ನೆಷ್ಟು ದಿನ ಬೇಕು?”

“ನಾ...” ಎಂದು ಬಾಯಿ ತೆರೆದವನು ತುಟಿ ಕಚ್ಚಿಕೊಂಡ. ಕಿವಿಯ ಹಿಂದೆ ಇಲ್ಲದ ಕುಂಚವನ್ನು ತಡಕಿದ. “ಇವತ್ತು” ಎಂದ. “ಇವತ್ತೇ ಹೇಳ್ತೀನಿ.”

“ಸ್ವಲ್ಪ ಜೋರಾಗಿ ಹೇಳಪ್ಪ” ಎಂದಳು ಅಜ್ಜಿ, ಗೋಡೆಯಿಂದ ಕಣ್ಣು ತೆಗೆಯದೆ. “ನಮ್ಮಪ್ಪನಿಗೂ ಕೇಳಲಿ.”

ಅವಳ ಎಡಗೆನ್ನೆಯಲ್ಲಿ ಗುಳಿ ಬಿತ್ತು. ಈ ಸಲ ಅವನು ಕೆನ್ನೆ ನೋಡಲಿಲ್ಲ. ನೇರವಾಗಿ ಕಣ್ಣನ್ನೇ ನೋಡಿ, ಹೇಳಿದ.