ಗುಪ್ತ ಸಾಕ್ಷಿ ‘ಎ’

ಗಡೀಪಾರಿನ ಕಡತ ನಮ್ಮ ಕೈಗೆ ಬರುವ ಹೊತ್ತಿಗೆ ಆದೇಶವಾಗಿ ಹನ್ನೊಂದು ತಿಂಗಳು ಕಳೆದಿದ್ದವು. ಅದೂ ಹೈಕೋರ್ಟು ಗದರಿಸಿದ ಮೇಲೆ. ಸಾಕ್ಷಿಯ ಹೆಸರಿನ ಮೇಲೆ ದಪ್ಪಗೆ ಕಪ್ಪು ಮಸಿ.

ಮಾರುತಿ ನಾಖ್ವಾ ಮುಂಬಯಿಯ ಮೀನುಗಾರರ ಕೇರಿಯವನು. ಎರಡು ವರ್ಷ ಊರಿಗೆ ಕಾಲಿಡಬಾರದೆಂದು ಉಪ ಪೊಲೀಸ್ ಆಯುಕ್ತರ ಆದೇಶ. ಚಾಕು ತೋರಿಸಿ ಜನರನ್ನು ಹೆದರಿಸುತ್ತಾನಂತೆ; ಅಂಜಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲವಂತೆ; ಕೇರಿಯ ಮೀನುಗಾರನೊಬ್ಬ, ‘ಎ’, ಗುಟ್ಟಾಗಿ ಹೇಳಿದ್ದಾನಂತೆ.

ಅವನು ನಾಶಿಕದಲ್ಲಿ ಬಾಡಿಗೆ ಕೋಣೆ ಹಿಡಿದ. ಇಲ್ಲಿ ಹೆಂಡತಿ ಗುಲಾಬ್ ಜ್ವರದಲ್ಲಿ ಒಬ್ಬಳೇ ತೀರಿಕೊಂಡಳು. ಬಂದುಹೋಗಲು ಅನುಮತಿ ಸಿಕ್ಕಿದ್ದು ಹದಿಮೂರನೆಯ ದಿನ. ಅಂದಿನಿಂದ ಫೋನಿನಲ್ಲಿ ಅವನದು ಒಂದೇ ಪ್ರಶ್ನೆ — ‘ಎ’ ಯಾರು? ಅನುಮಾನವೆಲ್ಲ ಮೊದಲಿನಿಂದಲೂ ಪಕ್ಕದ ಮನೆಯ ಚಿಕ್ಕಪ್ಪನ ಮಗ ಪಂಢರಿಯ ಮೇಲೆ. ಅವರಿಬ್ಬರ ನಡುವೆ ಬಲೆ ಹರಿದ ಹಳೇ ಜಗಳವಿತ್ತು.

ನಾನು ವಕೀಲೆ ಉಜ್ವಲಾ ಪ್ರಧಾನರ ಗುಮಾಸ್ತ; ಅವರನ್ನು ಎಲ್ಲರೂ ಮರಾಠಿ ರೂಢಿಯಂತೆ ‘ಬಾಯಿ’ ಎಂದೇ ಕರೆಯುವುದು. ಹೇಳಿಕೆಯನ್ನು ಗಟ್ಟಿಯಾಗಿ ಓದಿದೆ: “‘ಜುಲೈ ಹತ್ತೊಂಬತ್ತು, ಬೆಳಿಗ್ಗೆ ಆರು ಗಂಟೆ. ಕಡಲಿನಿಂದ ದೋಣಿ ತುಂಬ ಪಾಪ್ಲೆಟ್ ಮೀನು ತಂದೆ. ದಡದಲ್ಲಿ ಮಾರುತಿ ಚಾಕು ತೋರಿಸಿ ಅರ್ಧ ಮೀನು ಕಿತ್ತುಕೊಂಡ.’ ಕೆಳಗೆ ಸಹಾಯಕ ಆಯುಕ್ತರ ಷರಾ — ‘ಸಾಕ್ಷಿಯನ್ನು ಖುದ್ದು ವಿಚಾರಿಸಿದ್ದೇನೆ. ಸತ್ಯ.’”

“ಪಂಢರಿಯನ್ನ ಕರೆಸು,” ಎಂದರು ಬಾಯಿ.

ಪಂಢರಿ ಬಂದು ಕುರ್ಚಿಯ ತುದಿಯಲ್ಲಿ ಕೂತ.

“ಹೋದ ವರ್ಷ ಜುಲೈ ಹತ್ತೊಂಬತ್ತಕ್ಕೆ ಎಲ್ಲಿದ್ದೆ?”

“ಜಗಲಿ ಮೇಲೆ. ಬಲೆ ಹೊಲೀತಾ.”

“ದೋಣಿ?”

ಅವನು ನನ್ನ ಕಡೆ ತಿರುಗಿದ. “ಏನಪ್ಪಾ, ನಿಮ್ಮ ಬಾಯಿ ಮೀನು ತಿನ್ನಲ್ವಾ?” ಆಮೇಲೆ ಅವರಿಗೆ: “ಮಳೆಗಾಲದಲ್ಲಿ ದೋಣಿ ತಾಳೆಗರಿ ಹೊದ್ದು ದಡದಲ್ಲಿ ಮಲಗಿರುತ್ತೆ, ಬಾಯಿ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟ ಮೇಲೇ ನೀರಿಗಿಳಿಸೋದು.”

“ಒಬ್ಬರೂ ಹೋಗಲ್ವಾ?”

“ನಮ್ಮ ಕೇರೀಲಾ? ಕುಡುಕನೂ ಹೋಗಲ್ಲ.”

ಹೊರಟವನು ಬಾಗಿಲಲ್ಲಿ ನಿಂತ. “ಗುಲಾಬ್ ಅತ್ತಿಗೆಗೆ ಜ್ವರ ಬಂದಾಗ ನನ್ನ ಹೆಂಡತಿ ಮೂರು ಸಲ ಗಂಜಿ ಹಿಡಿದು ಹೋದಳು. ಅತ್ತಿಗೆ ಬಾಗಿಲು ತೆಗೀಲಿಲ್ಲ. ನಾನೇ ಆ ಸಾಕ್ಷಿ ಅಂದುಕೊಂಡು, ನಮ್ಮ ಮನೆ ನೀರೂ ಮುಟ್ಟಬೇಡ ಅಂತ ಮಾರುತಿ ಆಣೆ ಹಾಕಿಸಿದ್ದನಂತೆ.”

ಕೋರ್ಟಿನಲ್ಲಿ ಎಲ್ಲ ಒಂಬತ್ತು ನಿಮಿಷಕ್ಕೆ ಮುಗಿಯಿತು. ಅಧಿಕಾರಿಗಳು ವಿವೇಚನೆ ಬಳಸಿಲ್ಲ, ಆದೇಶ ರದ್ದು. ತೀರ್ಪಿನಲ್ಲಿ ಯಾರ ಹೆಸರೂ ಇರಲಿಲ್ಲ. ಕಾರಿಡಾರಿನಿಂದಲೇ ಬಾಯಿ ನಾಶಿಕಕ್ಕೆ ಫೋನು ಹಚ್ಚಿದರು. ನಾನೂ ಕೇಳಲೆಂದು ಸ್ಪೀಕರ್ ಒತ್ತಿದರು.

“ಗೆದ್ವಿ, ಮಾರುತಿ.”

“‘ಎ’ ಯಾರು ಬಾಯಿ? ಪಂಢರಿ ತಾನೆ?”

“‘ಎ’ ಅನ್ನೋನು ಇಲ್ಲವೇ ಇಲ್ಲ. ಜುಲೈನಲ್ಲಿ ದೋಣಿ ತುಂಬ ಮೀನು ತಂದೆ ಅಂತ ಹೇಳಿಕೆ. ನಿಮ್ಮ ಕೇರಿಯವನ ಬಾಯಲ್ಲಿ ಆ ಮಾತು ಬರುತ್ತಾ? ಕಥೆ ಕಟ್ಟಿದವನು ಕಡಲು ಗೊತ್ತಿಲ್ಲದ ಘಟ್ಟದ ಮೇಲಿನವನು, ಇನ್‌ಸ್ಪೆಕ್ಟರ್ ಜಗದಾಳೆ. ಗುಲಾಬ್ ಬುಟ್ಟಿಯಿಂದ ಪುಕ್ಕಟೆ ಮೀನು ಎತ್ತುತ್ತಾನೆ ಅಂತ ನೀನು ದೂರು ಕೊಟ್ಟೆಯಲ್ಲ? ಅದಾಗಿ ಹದಿನಾರನೇ ದಿನಕ್ಕೆ ಈ ಹೇಳಿಕೆ, ಅವನದೇ ಸಹಿ. ಖುದ್ದು ವಿಚಾರಿಸಿದೆ ಅಂತ ಬರೆದವರು ಯಾರ ಮುಖವನ್ನೂ ನೋಡಿಲ್ಲ. ಉಪ ಆಯುಕ್ತರು ಅದನ್ನೇ ನಂಬಿ ಮೊಹರು ಹೊಡೆದರು.”

“ಪಂಢರಿ ಅಲ್ಲವಾ?”

“ಅಲ್ಲ.”

“ಮತ್ತೆ ಗುಲಾಬ್‌ಗೆ ನಾನು ಹಾಕಿಸಿದ ಆಣೆ?” ಆ ಕಡೆ ಬಸ್ಸಿನ ಹಾರ್ನು ಕೇಳಿಸಿತು.

“ನಾಳೆ ಮನೆಗೆ ಬಾ ಮಾರುತಿ. ಯಾರೂ ತಡೆಯಲ್ಲ.”

“ಬಾಯಿ, ಪಂಢರಿ ಅಂತಲೇ ಹೇಳಿಬಿಡಿ,” ಅಂದ ಅವನು. “ಒಂದೇ ಒಂದು ಸಲ ಹೇಳಿ.”