ಒಂದೂವರೆ ಡೆಸಿಬೆಲ್

2024ರ ನವೆಂಬರ್ 9, ಶನಿವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಹೃಷೀಕೇಶ ಆ ಜಾಹೀರಾತನ್ನು ನೋಡಿದ. ಹೊತ್ತು ಇಷ್ಟು ನಿಖರವಾಗಿ ಗೊತ್ತಿರುವುದಕ್ಕೆ ಕಾರಣ, ಅವನು ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡದ್ದು. ಮುಂದಿನ ತಿಂಗಳುಗಳಲ್ಲಿ ಹಲ್ಲುನೋವಿನ ಹಲ್ಲನ್ನು ನಾಲಗೆ ಮುಟ್ಟಿ ಮುಟ್ಟಿ ನೋಡುವಂತೆ ಅವನು ಅದನ್ನು ತೆರೆದು ನೋಡುತ್ತಿದ್ದ. ಮಂಗಳೂರು ಜೆಪ್ಪುವಿನ ರಾಯ್‌ಸ್ಟನ್ ಎಂಬವರು, ತೀರಿಹೋದ ತಮ್ಮ ತಂದೆ ಮಸ್ಕತ್ತಿನಿಂದ ತಂದಿದ್ದ ಒಂದು ಜೊತೆ ಇಂಗ್ಲಿಷ್ ಸ್ಪೀಕರುಗಳನ್ನು ಮಾರುವವರಿದ್ದರು. ಫೋಟೋದಲ್ಲಿ ಅವುಗಳ ಮೇಲೆ ಪ್ಲಾಸ್ಟಿಕ್ ಹೂದಾನಿ ಇತ್ತು. ಏನನ್ನು ಮಾರುತ್ತಿದ್ದೇವೆಂದು ಆ ಮನೆಯವರಿಗೆ ಗೊತ್ತಿರಲಿಲ್ಲ ಎನ್ನುವುದಕ್ಕೆ ಆ ಹೂದಾನಿಯೊಂದೇ ಸಾಕಿತ್ತು.

ಹೃಷೀಕೇಶ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಅಂಥ ಸ್ಪೀಕರುಗಳನ್ನು ಹೊಸದಾಗಿ ಕೊಳ್ಳಲು ಹೊರಟರೆ ಒಂದು ಸಣ್ಣ ಕಾರಿನ ಬೆಲೆ ಆಗುತ್ತದೆ. ಸಂಬಳದವರಿಗೆ ಇರುವ ದಾರಿ ಒಂದೇ: ಹಳೆಯದನ್ನು ಹುಡುಕುವುದು. ಆ ವಿದ್ಯೆಯನ್ನು ಅವನು ಹನ್ನೊಂದು ವರ್ಷ ಅಭ್ಯಾಸ ಮಾಡಿದ್ದ. ಯಾವ ಕಂಪೆನಿಯ ಯಾವ ವರ್ಷದ ಪೆಟ್ಟಿಗೆ ಒಳ್ಳೆಯದು, ಸ್ವರಕ್ಕೆ ಅದುರುವ ಕೋನಿನ ಸುತ್ತಲಿನ ಪಟ್ಟಿ ರಬ್ಬರಿನದಾದರೆ ಎಷ್ಟು ಕಾಲ, ನಮ್ಮ ಕರಾವಳಿಯ ಹವೆಗೆ ಫೋಮ್ ಎಷ್ಟು ಬೇಗ ಪುಡಿಯಾಗುತ್ತದೆ, ಎಲ್ಲ ಅವನ ಬಾಯಲ್ಲಿತ್ತು. ಊರಿನ ಐದಾರು ಮಂದಿ ಹಾಡು ಕೇಳುವವರಿಗೆ ಅವನ ಮಾತೇ ಕೊನೆಯ ಮಾತು.

ಆದರೆ ಅವನು ಅವತ್ತೇ ಜೆಪ್ಪುವಿಗೆ ಹೋಗಲಿಲ್ಲ. ಮನೆಗೆ ಬಂದು, ಅದೇ ಕಾಲದ ಬೇರೆ ನಾಲ್ಕು ಮಾದರಿಗಳ ಜೊತೆ ಹೋಲಿಸಿ ಒಂದು ಪಟ್ಟಿ ಮಾಡಿದ. ಸುತ್ತಲಿನ ಪಟ್ಟಿ ರಬ್ಬರಿನದೋ ಫೋಮಿನದೋ ಎಂದು ರಾಯ್‌ಸ್ಟನ್‌ಗೆ ಮೆಸೇಜು ಹಾಕಿದ. ಭಾನುವಾರ ಹನ್ನೊಂದಕ್ಕೆ ಉರ್ವದಿಂದ ಸ್ಕೂಟರ್ ಹೊರಟಿತು.

"ಅಯ್ಯೋ ಸರ್, ಈಗಷ್ಟೇ ಹೋಯ್ತಲ್ಲ," ಎಂದರು ರಾಯ್‌ಸ್ಟನ್, ಗೇಟಿನ ಒಳಗಿನಿಂದಲೇ. "ಒಬ್ರು ಮೀನಿನ ಟೆಂಪೋದಲ್ಲಿ ಬಂದ್ರು. ಅರ್ಧ ಹಾಡು ಕೇಳಿದ್ರು, ಆಯ್ತು ಅಂದ್ರು, ಹಗ್ಗ ಕಟ್ಟಿಕೊಂಡು ಹೋದ್ರು. ರಬ್ಬರಾ ಫೋಮಾ ಅಂತ ಎಲ್ಲ ಅವ್ರು ಕೇಳ್ಲಿಲ್ಲ."

ಸ್ಕೂಟರ್ ತಿರುಗಿಸುವಷ್ಟರಲ್ಲಿ ಫೋನ್ ಬಂತು. ಕಮಲೇಶ್. ಬಿ.ಎಸ್ಸಿ.ಯಲ್ಲಿ ಒಂದೇ ಬೆಂಚು. ಹೃಷೀಕೇಶ ಬರೆದುಕೊಟ್ಟ ಲ್ಯಾಬ್ ರೆಕಾರ್ಡಿಗೆ ತನ್ನ ಹೆಸರು ಹಾಕಿ ಎರಡು ವರ್ಷ ಕಳೆದು, ಕಡೆಗೆ ಬೆಳಕಿನ ಪಾಠದಲ್ಲಿ ಫೇಲಾಗಿ ತಂದೆಯ ಮೀನಿನ ಸಗಟು ವ್ಯಾಪಾರಕ್ಕೆ ಇಳಿದವನು.

"ಭಟ್ರೇ, ಎಲ್ಲಿದ್ದಿ? ಒಂದು ಜೋಡಿ ಸಿಕ್ಕಿದೆ ಮಾರಾಯ. ನೀನು ಬಂದು ನೋಡಿ ಹೂಂ ಅನ್ನು, ಆಮೇಲೆಯೇ ನನಗೆ ಊಟ."

ಹೊಯಿಗೆಬಜಾರಿನ ಮನೆಯಂಗಳಕ್ಕೆ ಹೃಷೀಕೇಶ ಬಂದಾಗ ಆ ಎರಡರಲ್ಲಿ ಒಂದು ಮೀನು ತೂಗುವ ಮೆಷಿನ್ನಿನ ಮೇಲೆ ಕೂತಿತ್ತು. ಕಮಲೇಶನ ತಂದೆ ಬೂಬಣ್ಣ, ಎಪ್ಪತ್ತೆಂಟರ ಮನುಷ್ಯ, ಲುಂಗಿ ಎತ್ತಿಕಟ್ಟಿ ಬಗ್ಗಿ ಅಂಕಿ ಓದುತ್ತಿದ್ದರು.

"ಬೂಬಣ್ಣ, ಅದು ಅಂಜಲ್ ಮೀನಲ್ಲ," ಎಂದ ಹೃಷೀಕೇಶ. ನಗುವ ಮುಖ ಮಾಡಲು ಅವನಿಗೆ ಬಹಳ ಕಷ್ಟವಾಯಿತು.

"ಎಂತದಾದ್ರೆ ಎಂತ ಭಟ್ರೇ? ಮನೆಗೆ ಬಂದದ್ದು ತೂಕ ಆಗಿಯೇ ಒಳಗೆ ಹೋಗ್ಬೇಕು. ಇವನ ಹೆಂಡತಿ ಒಬ್ಬಳನ್ನು ಬಿಟ್ಟಿದ್ದೇನೆ."

"ಅದೂ ನಾನು ಹತ್ಲಿಲ್ಲ ಅಂತ," ಎಂದಳು ದಮಯಂತಿ ಒಳಗಿನಿಂದ.

ಎಲ್ಲರೂ ನಕ್ಕರು. ಹೃಷೀಕೇಶನ ಕಣ್ಣು ಮಾತ್ರ ಆ ಕಪ್ಪು ಕೋನಿನ ಸುತ್ತಲಿನ ಪಟ್ಟಿಯ ಮೇಲಿತ್ತು. ರಬ್ಬರು. ಒಂದು ಬಿರುಕೂ ಇಲ್ಲ.

ಒಳಗೆ ಕಮಲೇಶ್ ಒಂದು ಹಳೆಯ ಹಾಡು ಹಾಕಿದ. ಹಾಡುವವಳು ಉಸಿರು ತೆಗೆದುಕೊಳ್ಳುವುದು ಕೇಳಿಸಿತು. ತಬಲದ ಚರ್ಮಕ್ಕೆ ಬೆರಳು ತಾಗಿ ಬಿಡುವುದು ಕೇಳಿಸಿತು. ಹನ್ನೊಂದು ವರ್ಷ ಹುಡುಕಿದ್ದು ತನ್ನ ಎದುರೇ ಇನ್ನೊಬ್ಬನ ಕೋಣೆಯಲ್ಲಿ ಹಾಡುತ್ತಿತ್ತು.

"ಹೇಗುಂಟು?"

"ಪರವಾಗಿಲ್ಲ," ಎಂದ. ಜಾಹೀರಾತನ್ನು ಮೊದಲು ನೋಡಿದ್ದು ತಾನು ಎಂದು ಹೇಳಲಿಲ್ಲ. ಹೇಳಿದ್ದರೆ ಕಮಲೇಶ್ ನಗುತ್ತಿದ್ದ, ಆಮೇಲೆ ಪಾಪ ಎನ್ನುತ್ತಿದ್ದ. ಆ ಪಾಪ ಅವನಿಗೆ ಬೇಡವಾಗಿತ್ತು.

ಅನಂತರದ ಭಾನುವಾರಗಳು ಅವನಿಗೆ ವ್ರತದಂತಾದವು. ಹೋಗಲೇಬೇಕು, ಕೇಳಲೇಬೇಕು, ಉರಿದುಕೊಂಡು ಮರಳಬೇಕು. ಕಮಲೇಶ್ ಬಿಸಿ ಚಹಾದ ಲೋಟವನ್ನು ಸ್ಪೀಕರಿನ ನೆತ್ತಿಯ ಮೇಲಿಡುತ್ತಿದ್ದ. ಮರದ ಮೇಲೆ ಎರಡು ಬಿಳಿ ಉಂಗುರ ಮೂಡಿದ್ದವು. ಹಾಡಿನ ನಡುವೆ ಫೋನಿನಲ್ಲಿ ಬೂತಾಯಿ ಮೀನಿನ ರೇಟು ಕೂಗುತ್ತಿದ್ದ. ಕೇಳಲು ಬಾರದವನಿಗೆ ಇಷ್ಟು ಸಿಕ್ಕಿದೆ, ಕೇಳಬಲ್ಲವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತಿಥಿ. ಒಂದು ದಿನ ಹೃಷೀಕೇಶ, ಯಾರೂ ನೋಡದಿದ್ದಾಗ, ಏರುಸ್ವರ ನುಡಿಸುವ ಟ್ವೀಟರಿನ ಸ್ವರವನ್ನು ಎರಡು ಡೆಸಿಬೆಲ್ ಇಳಿಸಿದ. ಕಮಲೇಶನಿಗೆ ಗೊತ್ತಾಗಲಿಲ್ಲ. ಮುಂದಿನ ವಾರವೂ ಗೊತ್ತಾಗಲಿಲ್ಲ.

ಫೆಬ್ರವರಿಯಲ್ಲಿ ಕಾಟಿಪಳ್ಳದ ಒಬ್ಬ ನಿವೃತ್ತರ ಮನೆಯಲ್ಲಿ ಅವನಿಗೆ ಇನ್ನೊಂದು ಜೋಡಿ ಸಿಕ್ಕಿತು. ಪೆಟ್ಟಿಗೆಗಳನ್ನು ಗೆದ್ದಲು ತಿಂದಿತ್ತು. ಗುಜರಿಯವನಿಗೆ ಕೊಡುವ ಬೆಲೆಗೇ ಕೊಟ್ಟರು. ಅದೇ ಕಂಪೆನಿ, ಅದೇ ಕಾಲ, ಆದರೆ ಅಗ್ಗದ ಮಾದರಿ. ಮನೆಗೆ ತಂದು ಬಿಚ್ಚಿದಾಗ ಅವನು ಬೆರಗಾದ. ಎದುರಿನಿಂದ ನೋಡಿದರೆ, ತಗ್ಗುಸ್ವರ ನುಡಿಸುವ ವೂಫರ್ ಕಮಲೇಶನಲ್ಲಿದ್ದದ್ದರ ಪಡಿಯಚ್ಚು: ಅದೇ ಕಪ್ಪು ಕೋನು, ಅದೇ ಎಂಟು ಸ್ಕ್ರೂ ತೂತು. ಟ್ವೀಟರೂ ಹಾಗೆಯೇ. ಕಂಪೆನಿಯವರು ಉಳಿತಾಯ ಮಾಡಿದ್ದು ಹಿಂದೆ, ಯಾರೂ ನೋಡದ ಕಡೆ. ಅಲ್ಲಿ ಕೂರಿಸಿದ ಅಯಸ್ಕಾಂತ ಬಿಲ್ಲೆಯ ಹಾಗೆ ತೆಳ್ಳಗಿತ್ತು.

ಆ ಯೋಚನೆ ಬಂದದ್ದು ಆಗ. ಅದು ಕಳ್ಳತನದ ಯೋಚನೆಯ ಹಾಗೆ ಬರಲಿಲ್ಲ, ಲೆಕ್ಕದ ಪರಿಹಾರದ ಹಾಗೆ ಬಂತು. ಪೆಟ್ಟಿಗೆ ಕಮಲೇಶನದ್ದೇ ಇರಲಿ, ಚಹಾದ ಉಂಗುರಗಳೂ ಅವನವೇ. ಒಳಗಿನ ಜೀವ ಮಾತ್ರ ಅದಲುಬದಲಾಗಲಿ. ಕಳೆದುಕೊಂಡವನಿಗೆ ಗೊತ್ತೇ ಆಗದಿದ್ದರೆ ಅದನ್ನು ನಷ್ಟ ಎನ್ನುವುದಾದರೂ ಹೇಗೆ? ಕಮಲೇಶ್ ಯಾವತ್ತೂ ಕೇಳಿಸಿಕೊಳ್ಳದೆ ಬಿಟ್ಟದ್ದನ್ನಷ್ಟೇ ಅವನು ತೆಗೆದುಕೊಳ್ಳುವುದು.

ನಾಲ್ಕು ತಿಂಗಳು ಅವನು ಅವಸರಪಡಲಿಲ್ಲ. ಕೋಣೆಗೆ ಸರಿಹೊಂದಿಸಿ ಕೊಡುತ್ತೇನೆಂದು ಹೇಳಿ, ಕಾಲೇಜಿನ ಮೈಕು ತೆಗೆದುಕೊಂಡು ಹೋಗಿ ಕಮಲೇಶನ ಸ್ಪೀಕರುಗಳ ಸ್ವರವನ್ನು ಆವರ್ತನ ಆವರ್ತನವಾಗಿ ಅಳೆದ. ಮನೆಯಲ್ಲಿ ಅಗ್ಗದ ಜೋಡಿಯನ್ನು ಅಳೆದ. ಒಂದು ರೆಸಿಸ್ಟರ್ ಸೇರಿಸಿ, ಸ್ವಲ್ಪ ಉಣ್ಣೆ ತುಂಬಿಸಿ, ಮತ್ತೆ ಅಳೆದ. ಮೇ ತಿಂಗಳ ಕೊನೆಗೆ ಅರುವತ್ತರಿಂದ ಹನ್ನೆರಡು ಸಾವಿರ ಹರ್ಟ್ಸ್‌ವರೆಗೆ ಎರಡಕ್ಕೂ ಇದ್ದ ವ್ಯತ್ಯಾಸ ಒಂದೂವರೆ ಡೆಸಿಬೆಲ್ಲಿಗಿಂತ ಹೆಚ್ಚಿರಲಿಲ್ಲ. ಕಮಲೇಶನ ಕಿವಿ ಎರಡನ್ನೇ ಹಿಡಿದಿರಲಿಲ್ಲ. ಹಳೆಯ ಸ್ಕ್ರೂಗಳ ಕರಿ ಬಣ್ಣ ಹೋಗದಂತೆ ಬಿಚ್ಚುವುದನ್ನು ಗೆದ್ದಲು ತಿಂದ ಪೆಟ್ಟಿಗೆಯ ಮೇಲೆ ಇಪ್ಪತ್ತು ಸಲ ಅಭ್ಯಾಸ ಮಾಡಿದ. ಕಮಲೇಶನ ಕೋನಿನ ಮೇಲಿನ ಧೂಳಿನ ಫೋಟೋ ತೆಗೆದು, ಅದೇ ಬಣ್ಣದ ಧೂಳನ್ನು ತನ್ನ ಕಪಾಟಿನ ಮೇಲಿನಿಂದ ಸಂಗ್ರಹಿಸಿದ.

"ಎಲ್ಲರ ಗಂಡಂದಿರು ಧೂಳು ಒರೆಸ್ತಾರೆ. ನೀವು ಡಬ್ಬದಲ್ಲಿ ಹಾಕಿಡ್ತೀರಿ," ಎಂದಳು ಹೆಂಡತಿ ವಾರಿಜಾ.

ಜೂನಿನಲ್ಲಿ ಕಡಲಿಗೆ ಬೋಟು ಇಳಿಯುವುದಿಲ್ಲ. ಮೀನಿನವರಿಗೆ ಮದುವೆ ಮುಂಜಿ ತಿರುಗಾಟಕ್ಕೆ ಅದೇ ಕಾಲ. ಕಮಲೇಶನ ಮನೆಯವರೆಲ್ಲ ನಾಲ್ಕು ದಿನಕ್ಕೆ ಮುಂಬಯಿಗೆ ಮದುವೆಗೆ ಹೊರಟರು.

"ಈ ಮಳೆಗೆ ನಾಲ್ಕು ದಿನ ಕೋಣೆ ಮುಚ್ಚಿಟ್ಟರೆ ಕೋನಿಗೆ ಬೂಷ್ಟು ಬರ್ತದೆ," ಎಂದ ಹೃಷೀಕೇಶ. ಅರ್ಧ ನಿಜ, ಅದಕ್ಕೇ ಗಟ್ಟಿ. "ದಿನಕ್ಕೆ ಒಂದು ಗಂಟೆ ಯಾರಾದ್ರೂ ಹಾಡು ಹಾಕಿದ್ರೆ ಒಳ್ಳೇದು."

"ಯಾರಾದ್ರೂ ಅಂದ್ರೆ ಯಾರು? ನೀನೇ." ಕಮಲೇಶ್ ಬೀಗದ ಕೈ ಕೊಟ್ಟ. "ಮನೆಯ ಕೀ ಇನ್ನೊಂದಿಲ್ಲ, ಕಳ್ಕೊಳ್ಬೇಡ ಮಾರಾಯ."

"ಹಾಗಾದ್ರೆ ಬೆಕ್ಕಿಗೂ ಹಾಕಿ," ಎಂದಳು ದಮಯಂತಿ. "ಡಬ್ಬದಲ್ಲಿ ಒಣ ಬಂಗುಡೆ ಉಂಟು. ಭಟ್ರು ಮುಟ್ತೀರಾ, ಅಲ್ಲ ಚಿಮಟ ಕೊಡ್ಲಾ?"

ಕಳ್ಳರು ಕತ್ತಲೆ ಕಾಯುವುದು ಬುದ್ಧಿಯಿಲ್ಲದ್ದಕ್ಕೆ. ಹೃಷೀಕೇಶ ಬುಧವಾರ ಬೆಳಿಗ್ಗೆ ಹತ್ತೂವರೆಗೆ, ಹೆಗಲಿಗೆ ಚೀಲ ಹಾಕಿಕೊಂಡು, ಪಕ್ಕದ ಮನೆಯವರಿಗೆ ಕೈ ಬೀಸಿ ಒಳಗೆ ಹೋದ. ಮೂಗು ಮುಚ್ಚಿಕೊಂಡು ಚಿಮಟದಲ್ಲಿ ಬೆಕ್ಕಿಗೆ ಬಂಗುಡೆ ಹಾಕಿದ. ಹಾಡು ಹಾಕಲು ಬಂದ ಮನೆಯಲ್ಲಿ ಹಾಡು ಕೇಳಿಸಬೇಕಲ್ಲ, ಫೋನಿನಲ್ಲಿ ಒಂದು ಹಾಡು ಜೋರಾಗಿ ಇಟ್ಟ. ಪೆಟ್ಟಿಗೆಗಳನ್ನು ಅವುಗಳ ಜಾಗದಿಂದ ಒಂದಿಂಚೂ ಕದಲಿಸಲಿಲ್ಲ. ನೆಲದ ಗುರುತು ತಪ್ಪಬಾರದು. ನಲ್ವತ್ತೇಳು ನಿಮಿಷದಲ್ಲಿ ಎರಡೂ ವೂಫರ್, ಎರಡೂ ಟ್ವೀಟರ್ ಬದಲಾದವು. ಧೂಳು ಉದುರಿಸಿದ. ಫೋಟೋ ಹಿಡಿದು ಹೋಲಿಸಿದ. ಮೈಕು ಇಟ್ಟು ಅಳೆದ: ಒಂದೂವರೆ ಡೆಸಿಬೆಲ್, ಅದಕ್ಕಿಂತ ಹೆಚ್ಚಿಲ್ಲ.

ಬರುವಾಗ ಹಗುರವಿದ್ದ ಚೀಲ ಹೋಗುವಾಗ ಹೆಗಲನ್ನು ಎಳೆಯುತ್ತಿತ್ತು. ಆ ದೊಡ್ಡ ಅಯಸ್ಕಾಂತಗಳ ಭಾರ ಅವನಿಗೆ ಹಿತವಾಗಿತ್ತು. ಉರ್ವದವರೆಗೂ ಮಳೆಯಲ್ಲಿ, ಮಗುವನ್ನು ಕೂರಿಸಿಕೊಂಡವನಂತೆ ನಿಧಾನವಾಗಿ ಸ್ಕೂಟರ್ ಬಿಟ್ಟ.

ಭಾನುವಾರ ಕಮಲೇಶ್ ಕಣ್ಣು ಮುಚ್ಚಿ ಕೇಳಿದ. "ನಾಲ್ಕು ದಿನ ನಿನ್ನ ಕೈಯಲ್ಲಿದ್ದದ್ದಕ್ಕೆ ಸೌಂಡೇ ಬೇರೆ ಆಗಿದೆ ನೋಡು ಭಟ್ರೇ. ಚಂದ ಆಗಿದೆ!"

ಹೃಷೀಕೇಶ ಗೆದ್ದಿದ್ದ. ಗೆದ್ದ ಸಂತೋಷ ಮಾತ್ರ ಮನೆ ಸೇರಲಿಲ್ಲ. ತಾನೇ ಪ್ಲೈವುಡ್ಡಿನಲ್ಲಿ ಮಾಡಿದ ಪೆಟ್ಟಿಗೆಯಲ್ಲಿ ಆ ವೂಫರುಗಳು ಬಾಡಿಗೆ ಮನೆಯಲ್ಲಿದ್ದವರ ಹಾಗೆ ಹಾಡಿದವು. ಅವು ತಮ್ಮದೇ ಪೆಟ್ಟಿಗೆಗಾಗಿ ಹುಟ್ಟಿದವು. ಇದ್ದದ್ದನ್ನು ಯಾರಿಗೂ ತೋರಿಸುವ ಹಾಗಿರಲಿಲ್ಲ. ವಾರಿಜಾ ಒಂದು ನಿಮಿಷ ಕೇಳಿ, "ಮೊದಲಿನ ಹಾಗೆಯೇ ಉಂಟಲ್ಲ?" ಎಂದು ಅಡುಗೆಮನೆಗೆ ಹೋದಳು. ಅತ್ತ ಕಮಲೇಶ್ ಖೊಟ್ಟಿ ಸ್ವರ ಕೇಳಿಕೊಂಡೇ ಸುಖವಾಗಿದ್ದ. ಆ ಸುಖವನ್ನು ಬಿಚ್ಚಿ ತರಲು ಸ್ಕ್ರೂಡ್ರೈವರ್ ಇರಲಿಲ್ಲ. ಮೊದಲು ಅವನ ಸ್ಪೀಕರಿನ ಮೇಲೆ ಇದ್ದ ಹೊಟ್ಟೆಯುರಿ ಈಗ ಅವನ ಕಿವಿಯ ಮೇಲೆ, ಜೀವ ಹೋದ ಆ ಪೆಟ್ಟಿಗೆಗಳ ಮೇಲೆ.

ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ ಕಮಲೇಶ್ ಫೋನ್ ಮಾಡಿದ. "ಬಾ. ಸ್ಕೂಟರ್ ಬೇಡ, ರಿಕ್ಷಾದಲ್ಲಿ ಬಾ."

ಸ್ಪೀಕರುಗಳು ಆಗಲೇ ಜಗಲಿಗೆ ಬಂದಿದ್ದವು. ಬಟ್ಟೆಯಲ್ಲಿ ಒರೆಸಿ, ಹಗ್ಗ ತಯಾರಿಟ್ಟಿತ್ತು.

"ಮಗಳು ದೀಕ್ಷಿತಾ ಈಗ ಪಿಯುಸಿ, ಅವಳಿಗೆ ಓದ್ಲಿಕ್ಕೆ ಆ ಕೋಣೆ ಬೇಕು," ಎಂದ ಕಮಲೇಶ್. "ಅದೊಂದೇ ಅಲ್ಲ. ಮೊನ್ನೆ ಮೀನಿನ ದಕ್ಕೆಯಲ್ಲಿ ಆ ರಾಯ್‌ಸ್ಟನ್ ಸಿಕ್ಕಿದ್ರು. ನನ್ನ ಹಿಂದೆಯೇ ಉರ್ವದ ಒಬ್ಬ ಮಾಸ್ಟ್ರು ಬಂದಿದ್ರಂತೆ, ರಬ್ಬರಾ ಫೋಮಾ ಅಂತ ಮೆಸೇಜು ಹಾಕಿದವ್ರು. ಇಡೀ ಮಂಗಳೂರಲ್ಲಿ ಅದನ್ನು ಕೇಳುವ ಜನ ಇನ್ಯಾರು ಮಾರಾಯ? ಎಂಟೊಂಬತ್ತು ತಿಂಗಳು ಇಲ್ಲಿ ಬಂದು ಕೂತು, ಒಂದು ಮಾತು ಹೇಳ್ಲಿಲ್ಲ ಅಲ್ವಾ ನೀನು?"

ಹೃಷೀಕೇಶ ಜಗಲಿಯ ಮೇಲಿದ್ದ ಹಗ್ಗದ ಕಡೆ ನೋಡಿದ.

"ತಕೊಂಡು ಹೋಗು. ದುಡ್ಡಿನ ಮಾತು ಎತ್ತಿದ್ರೆ ಬೈತೇನೆ. ಎರಡು ವರ್ಷ ನನ್ನ ರೆಕಾರ್ಡ್ ಬರೆದಿದ್ದಿಯಲ್ಲ, ಅದಕ್ಕೆ ಅಂತ ಇರ್ಲಿ."

ಕಿವಿಯ ತುದಿಯವರೆಗೆ ನಾಚಿಕೆ ಬಂತು, ನಿಜ. ಆದರೆ ಅದು ಐದು ಸೆಕೆಂಡು. ಆರನೆಯ ಸೆಕೆಂಡಿಗೆ ಅವನ ತಲೆ ಲೆಕ್ಕ ಮಾಡಿಯಾಗಿತ್ತು. ಇವತ್ತು ಸಂಜೆಯೊಳಗೆ ಅಸಲಿ ವೂಫರುಗಳು ಅಸಲಿ ಪೆಟ್ಟಿಗೆಗೆ ಮರಳುತ್ತವೆ. ಸಮೀಕರಣದ ಎರಡೂ ಬದಿ ಹೊಡೆದುಹೋಗುತ್ತವೆ. ಜೂನಿನ ಆ ಬುಧವಾರ ನಡೆದೇ ಇರಲಿಲ್ಲ ಎಂಬಂತೆ. ಅವನು ಕಮಲೇಶನ ಕೈ ಹಿಡಿದುಕೊಂಡ; ಕಣ್ಣಲ್ಲಿ ಬಂದ ನೀರು ಸುಳ್ಳಿನದ್ದಾಗಿರಲಿಲ್ಲ. ರಿಕ್ಷಾದವನು ಹಿಂದಿನ ಸೀಟು ಖಾಲಿ ಮಾಡಿದ.

"ತಡೆಯಿರಿ, ತಡೆಯಿರಿ," ಎಂದು ಬೂಬಣ್ಣ ತೂಕದ ಮೆಷಿನ್ನನ್ನು ಅಂಗಳಕ್ಕೆ ಎಳೆದುಕೊಂಡು ಬಂದರು. "ಬರುವಾಗ ಆದ ತೂಕ ಹೋಗುವಾಗಲೂ ಆಗ್ಬೇಕು. ನಮ್ಮಿಂದ ಭಟ್ರಿಗೆ ಕಡಿಮೆ ಹೋಯ್ತು ಅಂತ ಆಗ್ಬಾರ್ದು." ಕಮಲೇಶ್ ನಗುತ್ತ ಒಂದು ಪೆಟ್ಟಿಗೆಯನ್ನು ಮೊಗಚಿದ. ಅದರ ತಳದಲ್ಲಿ, ಮೀನಿನ ಕ್ರೇಟುಗಳ ಮೇಲೆ ಬರೆಯುವ ನೀಲಿ ಮಾರ್ಕರಿನಲ್ಲಿ, ಬೂಬಣ್ಣನ ಸೊಟ್ಟ ಅಕ್ಷರದಲ್ಲಿ ನವೆಂಬರಿನ ಅಂಕಿ ಇತ್ತು: 24.600. ಹೃಷೀಕೇಶ ಸ್ವರ ಅಳೆದಿದ್ದ, ಧೂಳಿನ ಬಣ್ಣ ಹೋಲಿಸಿದ್ದ, ಸ್ಕ್ರೂವಿನ ಕರಿ ಉಳಿಸಿದ್ದ. ಹೆಗಲ ಮೇಲೆ ಹೊತ್ತು ಮನೆಗೆ ತಂದದ್ದನ್ನು ಮಾತ್ರ ಅಳೆದಿರಲಿಲ್ಲ. ಪೆಟ್ಟಿಗೆ ಮೆಷಿನ್ನಿನ ಮೇಲೆ ಕೂತಿತು. ಬೂಬಣ್ಣ ಅಂಕಿ ನೋಡಿ ಹುಬ್ಬು ಗಂಟು ಹಾಕಿದರು, ಇಳಿಸಿ ಒರೆಸಿ ಮತ್ತೆ ಇಟ್ಟರು, ಆಮೇಲೆ ಇನ್ನೊಂದನ್ನೂ ಇಟ್ಟರು. ಕಮಲೇಶನ ನಗು ನಿಂತಿತ್ತು. ಅವನು ಮೆಷಿನ್ನನ್ನು ನೋಡಲಿಲ್ಲ. ಕೋನಿನ ಸುತ್ತಲಿನ ಎಂಟು ಸ್ಕ್ರೂಗಳನ್ನು ನೋಡಿದ, ಆಮೇಲೆ ತನ್ನ ಮನೆಯ ಒಂದೇ ಕೀ ನಾಲ್ಕು ದಿನ ಯಾರ ಜೇಬಿನಲ್ಲಿತ್ತೋ ಅವನ ಮುಖವನ್ನು ನೋಡಿದ. ಎರಡು ಪೆಟ್ಟಿಗೆಗೂ ಅಂಕಿ ಒಂದೇ ಬಂದಿತ್ತು: ಇಪ್ಪತ್ತೊಂದು ಕಿಲೋ ನಾನೂರು ಗ್ರಾಂ.