ನೆರಳು ಬೀಳದ ಮನೆ

ಬೆಳಿಗ್ಗೆ ಗೇಟು ತೆಗೆದು, ಒಳಗೆ ಇಣುಕದೆ ಟೀ ಕುಡಿಯಲು ಹೋಗಿದ್ದ ಕಾವಲುಗಾರ ಮರಳಿ ಬಂದಾಗ ಕಂಬ ಮುರಿದಿತ್ತು. ಹಳೆಯ ನೇಯ್ಗೆ ಗಿರಣಿಯ ನಟ್ಟನಡುವಿನ, ಹಸಿರು ಬಣ್ಣ ಬಳಿದ ಎರಕದ ಕಬ್ಬಿಣದ ಕಂಬ. ಮೇಲಿನ ಮಾಡು ಒಂದು ಕಡೆ ಜಗ್ಗಿತ್ತು. ಪಕ್ಕದಲ್ಲಿ ಡ್ರಾಯಿಂಗ್ ಮೇಷ್ಟ್ರು ನಿಂತಿದ್ದರು. ಕೈಯೆಲ್ಲ ಕಪ್ಪು.

ಮಗ್ಗಗಳು ಹೋದ ಆ ಗಿರಣಿಯೊಳಗೆ ಶಿಕ್ಷಕರಿಗಾಗಿ ಕಡಿಮೆ ಬಾಡಿಗೆಯ ಮನೆಗಳು ಏಳುತ್ತಿದ್ದವು. ಕಟ್ಟಡ ಅಪಾಯಕಾರಿ ಎಂದು ಎಂಜಿನಿಯರ್ ಹೇಳಿಬಿಟ್ಟರೆ ಎಲ್ಲವೂ ನೆಲಸಮ. ಮೇಷ್ಟ್ರಿಗೂ ಅಲ್ಲೊಂದು ಮನೆ ಸಿಕ್ಕಿತ್ತು. ಈಗ ಇದ್ದದ್ದು ಕಿಟಕಿಯೇ ಇಲ್ಲದ ಬಾಡಿಗೆ ಕೋಣೆ. ಹಾಡಹಗಲಲ್ಲೂ ಸೂಜಿಗೆ ದಾರ ಪೋಣಿಸಲು ತಾಯಿ ಮಗನನ್ನೇ ಕರೆಯಬೇಕು. ಇನ್ನು ಮನೆಯ ಜೊತೆ ಮೇಷ್ಟ್ರ ಕೆಲಸವೂ ಹೋಗುವ ಹಾಗಿತ್ತು.

ಇನ್ಸ್‌ಪೆಕ್ಟರ್ ಬಂದಾಗ ಕಾನ್‌ಸ್ಟೆಬಲ್ ಮೇಷ್ಟ್ರ ಕಾಲರ್ ಹಿಡಿದಿದ್ದ. ಗುಂಡಿ ಕಿತ್ತು ಬಂದಿತ್ತು.

“ಸಾಕ್ಷಿನೂ ಸಿಕ್ತು ಮೇಡಂ. ಪಕ್ಕದ ಗೋದಾಮಿನ ಮಾಲೀಕರು.”

ಮಾಲೀಕ ಗೇಟಿನ ಹೊರಗೆ ನಿಂತಿದ್ದ. ಪೊಲೀಸರು ಯಾರನ್ನೂ ಒಳಗೆ ಬಿಟ್ಟಿರಲಿಲ್ಲ.

“ಈಗ ತಾನೇ ಸದ್ದು ಕೇಳಿ ಬಾಗಿಲ ಹತ್ರ ಹೋದೆ. ಇವ್ರೇ ಸುತ್ತಿಗೆ ಬೀಸ್ತಿದ್ರು. ಮಾಡಿನ ಗಾಜಿಂದ ಬಿಸಿಲು ನೇರ ಮುಖದ ಮೇಲೇ ಬಿದ್ದಿತ್ತು. ಚೆನ್ನಾಗಿ ಕಾಣಿಸ್ತು.”

“ಮನೆ ಸಿಕ್ಕವರು ಯಾಕೆ ಒಡೀತಾರೆ?”

“ದೊಡ್ಡ ಮನೆ ಬೇರೆಯವರಿಗೆ ಹೋಯ್ತಲ್ಲ. ಹೊಟ್ಟೆಕಿಚ್ಚು.”

* * *

ಒಳಗೆ ಕಾಲಿಟ್ಟ ಇನ್ಸ್‌ಪೆಕ್ಟರ್ ಸುತ್ತ ಕಣ್ಣಾಡಿಸಿದರು. ಎಲ್ಲಿಂದ ಬರುತ್ತಿದೆ ಎಂದು ತಿಳಿಯದ ಬೆಳಕು. ಸಾಲುಗಂಬಗಳ ಮೇಲೆ, ಅರ್ಧ ಎದ್ದ ಗೋಡೆಗಳ ಮೇಲೆ ಒಂದೇ ಸಮ ಹರಡಿತ್ತು. ಕಳ್ಳಕಾಕರ ಹಿಂದೆ ಅಲೆದು ಬತ್ತಿಹೋಗಿದ್ದ ಅವರ ಮನಸ್ಸೂ ಅಬ್ಬಾ ಎಂದಿತು.

“ಕೈಗೇನು ಮಸಿ?” ಎಂದು ಮೇಷ್ಟ್ರನ್ನು ಕೇಳಿದರು.

“ಇದ್ದಿಲು ಮೇಡಂ. ಆ ಕೊನೇದು ನನ್ನ ಮನೆ. ಗೋಡೆ ಮೇಲೆ ಚಿತ್ರ ಬರೀತಿದ್ದೆ, ಹೇಗೂ ಸುಣ್ಣ ಹೊಡೀತಾರಲ್ಲ ಅಂತ. ಬರುವಾಗ ಗೋಡೆ ಪಕ್ಕದಿಂದ ಬಂದೆ, ನಡುವಿನ ಕಂಬದ ಕಡೆ ನೋಡ್ಲಿಲ್ಲ. ವಾಪಸ್ ಹೊರಟಾಗ ನೋಡಿದ್ರೆ ಮುರಿದಿದೆ.”

ಗೋಡೆಯ ಮೇಲೆ ಕಂಬಗಳ ಸಾಲಿನ ಚಿತ್ರವಿತ್ತು. ಸೊಗಸಾಗಿತ್ತು. ಆದರೆ ಏನೋ ಕಡಿಮೆ.

“ಡ್ರಾಯಿಂಗ್ ಮೇಷ್ಟ್ರಾಗಿ ನೆರಳು ಬಿಡಿಸೋದೇ ಮರೆತ್ರಾ?”

“ಬಿದ್ದಿದ್ರೆ ತಾನೇ ಮೇಡಂ ಬಿಡಿಸೋದು!”

ಇನ್ಸ್‌ಪೆಕ್ಟರ್ ತಮ್ಮ ಕಾಲ ಬುಡ ನೋಡಿಕೊಂಡರು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಇಲ್ಲಿ ಅವರ ನೆರಳು ಹುಡುಕಿದರೂ ಸಿಗಲಿಲ್ಲ.

“ಮಾಲೀಕರನ್ನ ಕರ್ಕೊಂಡು ಬಾ,” ಎಂದರು ಕಾನ್‌ಸ್ಟೆಬಲ್‌ಗೆ. “ಹಾಗೇ ಅವರ ಗೋದಾಮಲ್ಲಿ ಸುತ್ತಿಗೆ ಇದೆಯಾ ನೋಡು.”

* * *

“ಬಿಸಿಲು ಎಲ್ಲಿ ಬಿದ್ದಿತ್ತು, ತೋರಿಸಿ.”

ಮಾಲೀಕ ಮೇಲೆ ನೋಡಿದ. ನೆಲ ನೋಡಿದ. ಎತ್ತಿದ ಬೆರಳು ಹಾಗೇ ಕೆಳಗಿಳಿಯಿತು.

“ಗಾಜೆಲ್ಲ ಉತ್ತರಕ್ಕಿದೆ,” ಎಂದರು ಇನ್ಸ್‌ಪೆಕ್ಟರ್. “ನೇರ ಬಿಸಿಲು ಒಳಗೆ ಬೀಳೋದೇ ಇಲ್ಲ. ಬಿಸಿಲು ಕಣ್ಣಿಗೆ ಹೊಡೀದೆ ನೂಲು ಕಾಣ್ಲಿ ಅಂತ ಕಟ್ಟಿದ್ದು. ಹಗಲಲ್ಲಿ ಒಮ್ಮೆ ಬಂದವರಿಗೂ ಇದು ಗೊತ್ತಾಗುತ್ತೆ. ನೀವು ಬಂದಿದ್ದು ಕತ್ತಲಲ್ಲಿ, ಗೋಡೆ ಹಾರಿ. ನಿಮ್ಮ ಲಾರಿಗಳ ಗದ್ದಲದಲ್ಲಿ ಸುತ್ತಿಗೆ ಸದ್ದು ಯಾರಿಗೂ ಕೇಳಲಿಲ್ಲ. ಇದು ನೆಲಸಮ ಆದ್ರೆ ಜಾಗ ನಿಮ್ಮ ಗೋದಾಮಿಗೆ. ಬೆಳಿಗ್ಗೆ ಮೇಷ್ಟ್ರು ಸಿಕ್ಕಿಬಿದ್ರು ಅಂತ ಗೊತ್ತಾಗಿದ್ದೇ ಸಾಕ್ಷಿ ಹೇಳೋಕೆ ಓಡಿ ಬಂದ್ರಿ.”

ಕಾನ್‌ಸ್ಟೆಬಲ್ ಸುತ್ತಿಗೆ ತಂದ. ಅದಕ್ಕೆ ಕಂಬದ ಹಸಿರು ಬಣ್ಣ ಮೆತ್ತಿತ್ತು.

* * *

“ಒಂದು ಕಂಬ ತಾನೇ? ಹೊಸದು ನಿಲ್ಲಿಸ್ತೀವಿ. ಕಟ್ಟಡ ಗಟ್ಟಿಮುಟ್ಟಾಗಿದೆ,” ಎಂದರು ಎಂಜಿನಿಯರ್.

ಮಾಡಿಗೆ ಆಸರೆ ಕೊಟ್ಟ ಮೇಲೆ, ಸುದ್ದಿ ಕೇಳಿ ಓಡೋಡಿ ಬಂದಿದ್ದ ತಾಯಿಯನ್ನು ಮೇಷ್ಟ್ರು ತಮ್ಮ ಮನೆಯೊಳಗೆ ಕರೆತಂದರು. ಕಾನ್‌ಸ್ಟೆಬಲ್ ತಲೆ ತಗ್ಗಿಸಿ ಗುಂಡಿ ಚಾಚಿದ.

“ತಪ್ಪಾಯ್ತು ಮೇಷ್ಟ್ರೇ.”

ತಾಯಿ ಗುಂಡಿ ಇಸಿದುಕೊಂಡು ಚೀಲದಿಂದ ಸೂಜಿ ತೆಗೆದರು. ದಾರ ಪೋಣಿಸಿಕೊಡಲು ಮಗ ಎಂದಿನಂತೆ ಕೈ ಚಾಚಿದ.

“ಇರೋ, ನಾನೇ ನೋಡ್ತೀನಿ.”

ಮೊದಲ ಸಲಕ್ಕೇ ದಾರ ಒಳಹೊಕ್ಕಿತು.